ನ್ಯೂಟ್ರಾನ್ ಚಿಕಿತ್ಸೆಯಲ್ಲಿ ವಿಕಿರಣ ಮೆದುಳಿನ ಗಡ್ಡೆಗೆ ಮಾತ್ರ ತಗಲುತ್ತದೆಯೇ?

ಹೇಳಿಕೆ: ಬೋರಾನ್ ಮತ್ತು ನ್ಯೂಟ್ರಾನ್ ಬಳಸುವ ಚಿಕಿತ್ಸೆ ಕ್ಯಾನ್ಸರ್ ಕೋಶಗಳನ್ನಷ್ಟೇ ಕೊಲ್ಲುತ್ತದೆ, ಉಳಿದ ಮೆದುಳಿಗೆ ವಿಕಿರಣ ತಗಲುವುದೇ ಇಲ್ಲ.

ವಾಸ್ತವ: ಅರ್ಧ ನಿಜ. ಗಡ್ಡೆಗೆ ಹೆಚ್ಚು ವಿಕಿರಣ ಬೀಳುತ್ತದೆ, ಆದರೆ ಉಳಿದ ಮೆದುಳಿಗೆ ಬೀಳುವ ಪ್ರಮಾಣ ಸೊನ್ನೆಯಲ್ಲ.

ಇದು ಕೆಲಸ ಮಾಡುವುದು ಹೇಗೆ?

ಮೊದಲು ಬೋರಾನ್-10 ಇರುವ ಔಷಧಿಯನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಕ್ಯಾನ್ಸರ್ ಕೋಶಗಳು ಅದನ್ನು ಹೆಚ್ಚಾಗಿ ಹೀರಿಕೊಳ್ಳುತ್ತವೆ. ನಂತರ ತಲೆಯ ಮೇಲೆ ನ್ಯೂಟ್ರಾನ್ ಹಾಯಿಸಿದಾಗ ಬೋರಾನ್ ಪರಮಾಣು ಒಡೆದು ಆಲ್ಫಾ ಕಣ ಮತ್ತು ಲಿಥಿಯಂ ಕಣವಾಗುತ್ತದೆ. ಇವು 10 ಮೈಕ್ರೋಮೀಟರ್ ಒಳಗೇ, ಅಂದರೆ ಸುಮಾರು ಒಂದು ಜೀವಕೋಶದ ಅಗಲದಲ್ಲೇ, ನಿಂತುಬಿಡುತ್ತವೆ. ಹಾಗಾಗಿ ಹಾನಿ ಬಹುಪಾಲು ಆ ಕೋಶಕ್ಕೇ ಸೀಮಿತ.

ಹಾಗಾದರೆ ಉಳಿದ ಮೆದುಳಿಗೆ ಏಕೆ ತಗಲುತ್ತದೆ?

ರೋಗಿಗೆ ಸಿಗುವ ಡೋಸ್ ನಾಲ್ಕು ಕಡೆಯಿಂದ ಬರುತ್ತದೆ:

1. ಬೋರಾನ್ ಒಡೆಯುವುದರಿಂದ. ಔಷಧಿ ಸ್ವಲ್ಪ ಮಟ್ಟಿಗೆ ರಕ್ತದಲ್ಲೂ ಆರೋಗ್ಯವಂತ ಕೋಶಗಳಲ್ಲೂ ಇರುತ್ತದೆ.
2. ದೇಹದ ನೈಟ್ರೋಜನ್ ನ್ಯೂಟ್ರಾನನ್ನು ಹಿಡಿದು ಪ್ರೋಟಾನ್ ಹೊರಬಿಡುವುದರಿಂದ.
3. ವೇಗದ ನ್ಯೂಟ್ರಾನ್‌ಗಳು ಹೈಡ್ರೋಜನ್‌ಗೆ ಡಿಕ್ಕಿ ಹೊಡೆಯುವುದರಿಂದ.
4. ಗಾಮಾ ಕಿರಣಗಳಿಂದ.

ಕೊನೆಯ ಮೂರಕ್ಕೆ ಗಡ್ಡೆ ಯಾವುದು, ಮೆದುಳು ಯಾವುದು ಎಂಬ ಭೇದವಿಲ್ಲ.

ಲೆಕ್ಕ ಹೇಗೆ?

ಡೋಸ್ ಅಳೆಯುವುದು 'ಗ್ರೇ'ಯಲ್ಲಿ: ಒಂದು ಕಿಲೋ ಅಂಗಾಂಶಕ್ಕೆ ಒಂದು ಜೂಲ್ ಶಕ್ತಿ. ಆದರೆ ಆಲ್ಫಾ ಕಣದ ಒಂದು ಗ್ರೇ, ಎಕ್ಸ್-ರೇಯ ಒಂದು ಗ್ರೇಗಿಂತ ಹೆಚ್ಚು ಹಾನಿ ಮಾಡುತ್ತದೆ. ಅದಕ್ಕೇ ಪ್ರತಿ ಭಾಗವನ್ನೂ ಒಂದು ತೂಕದಿಂದ ಗುಣಿಸುತ್ತಾರೆ. ಬಿಪಿಎ ಎಂಬ ಔಷಧಿಗೆ ಸಾಮಾನ್ಯವಾಗಿ ಬಳಸುವ ತೂಕ ಗಡ್ಡೆಯಲ್ಲಿ 3.8, ಮೆದುಳಿನಲ್ಲಿ 1.3. ಗಡ್ಡೆಯಲ್ಲಿ ಬೋರಾನ್ ಮೂರೂವರೆ ಪಟ್ಟು ಹೆಚ್ಚಿದೆ ಎಂದುಕೊಂಡರೆ, ಬೋರಾನ್ ಪಾಲಿನ ಡೋಸ್ ಅಲ್ಲಿ ಸುಮಾರು 10 ಪಟ್ಟಾಗುತ್ತದೆ. ಉಳಿದ ಮೂರು ಭಾಗ ಸೇರಿಸಿದಾಗ ಈ ಅಂತರ ಕಡಿಮೆಯಾಗುತ್ತದೆ. ಎಷ್ಟು ಹೊತ್ತು ನ್ಯೂಟ್ರಾನ್ ಹಾಯಿಸಬಹುದು ಎಂಬುದನ್ನು ನಿರ್ಧರಿಸುವುದು ಆರೋಗ್ಯವಂತ ಅಂಗಾಂಶ ತಾಳಿಕೊಳ್ಳುವ ಮಿತಿಯೇ.

ಗ್ಲಿಯೋಬ್ಲಾಸ್ಟೋಮಾ ಎಂಬ ಮೆದುಳಿನ ಗಡ್ಡೆಗೆ ಸಾಮಾನ್ಯ ರೇಡಿಯೇಷನ್‌ನಲ್ಲಿ 60 ಗ್ರೇಯನ್ನು 30 ಕಂತುಗಳಲ್ಲಿ ಕೊಡುವುದು ರೂಢಿ. ಬೋರಾನ್ ಚಿಕಿತ್ಸೆ ಹೆಚ್ಚಾಗಿ ಒಂದೆರಡು ಸಲಕ್ಕೇ ಮುಗಿಯುತ್ತದೆ. ಆದ್ದರಿಂದ ಎರಡರ ಅಂಕಿಗಳನ್ನು ಪಕ್ಕಪಕ್ಕ ಇಟ್ಟು "ಇದು ಕಡಿಮೆ, ಅದು ಹೆಚ್ಚು" ಎನ್ನಲಾಗದು.

ಇತಿಹಾಸದ ಪಾಠ

ಅಮೆರಿಕದ ಬ್ರೂಕ್‌ಹೇವನ್‌ನಲ್ಲಿ 1951ರಲ್ಲಿ ಶುರುವಾದ ಮೊದಲ ಪ್ರಯೋಗಗಳಲ್ಲಿ ಬೋರಾನ್ ಗಡ್ಡೆಯಲ್ಲಿ ಸಾಕಷ್ಟು ಸೇರದೆ ರಕ್ತದಲ್ಲೂ ಉಳಿಯಿತು, ನ್ಯೂಟ್ರಾನ್‌ಗಳು ಆಳಕ್ಕೆ ಇಳಿಯಲಿಲ್ಲ. ರೋಗಿಗಳ ನೆತ್ತಿಯ ಚರ್ಮಕ್ಕೆ ಗಾಯಗಳಾದವು, ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. 1961ರಲ್ಲಿ ಅಲ್ಲಿನ ಪ್ರಯೋಗ ನಿಂತಿತು. 2020ರಲ್ಲಿ ಜಪಾನ್ ಈ ಚಿಕಿತ್ಸೆಗೆ ಅನುಮತಿ ಕೊಟ್ಟಿದ್ದು ತಲೆ ಮತ್ತು ಕುತ್ತಿಗೆ ಕ್ಯಾನ್ಸರ್‌ಗೆ. ಅಂದರೆ ಬಾಯಿ, ಗಂಟಲು ಮುಂತಾದ ಭಾಗಗಳದ್ದು. ಮೆದುಳಿನ ಗಡ್ಡೆ ಆ ಗುಂಪಿಗೆ ಸೇರುವುದಿಲ್ಲ.

ನೆನಪಿಡಿ

ಕೇರಂ ಬೋರ್ಡ್‌ಗೆ ಹಾಕುವ ಬೋರಿಕ್ ಪೌಡರ್‌ನಲ್ಲೂ ಬೋರಾನ್ ಇದೆ, ಆದರೆ ಅದು ಕ್ಯಾನ್ಸರ್ ಔಷಧಿಯಲ್ಲ. ತಿಂದರೆ ವಿಷ. ಮನೆಯಲ್ಲಿ ಯಾರಿಗಾದರೂ ಈ ಚಿಕಿತ್ಸೆಯ ಸಲಹೆ ಬಂದರೆ ವೈದ್ಯರನ್ನು ಹೀಗೆ ಕೇಳಿ: ಗಡ್ಡೆಗೆ ಎಷ್ಟು ಡೋಸ್, ಉಳಿದ ಮೆದುಳಿಗೆ ಎಷ್ಟು?