ಉಪ್ಪು, ಉಣ್ಣೆ, ನೆರೆನಾಡಿನ ಅರಿವು

ನೆರೆಯ ದೇಶಗಳ ಬಗ್ಗೆ ನಮ್ಮ ಜನರಿಗೆ ಏನೂ ಗೊತ್ತಿಲ್ಲ ಎಂಬ ಕೊರಗು ಹಳೆಯದು. ಅದಕ್ಕೆ ಪಠ್ಯಪುಸ್ತಕವನ್ನೋ ಪತ್ರಿಕೆಗಳನ್ನೋ ದೂರುವುದೂ ರೂಢಿಯೇ. ಪಾಠ ಹೆಚ್ಚಿಸಿದರೆ, ಸುದ್ದಿ ಹೆಚ್ಚಿಸಿದರೆ ಅರಿವು ತಾನಾಗಿ ಬರುತ್ತದೆ ಎಂದು ನಂಬಿಕೊಂಡಿದ್ದೇವೆ. ಭಾರತ ಮತ್ತು ಟಿಬೆಟ್ ನಡುವಿನ ಹಿಮಾಲಯದ ದಾರಿಗಳ ಚರಿತ್ರೆ ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಪುಸ್ತಕ ಕಾಣದ, ಕುರಿಯ ಬೆನ್ನ ಮೇಲೆ ಹೇರು ಹೊರಿಸಿ ನಡೆದ ವ್ಯಾಪಾರಿಗಳು ಆಚೆಯ ನಾಡನ್ನು ಬಲ್ಲಷ್ಟು ಇವತ್ತಿನ ಓದಿದವರು ಬಲ್ಲರೇ ಎಂದು ಕೇಳಿದರೆ ಹೌದೆನ್ನುವುದು ಕಷ್ಟ. ನೆರೆಯವರ ಅರಿವು ಹತ್ತಿರ ಇರುವುದರಿಂದ ಬರುವುದಿಲ್ಲ, ಓದಿನಿಂದ ಮಾತ್ರವೂ ಬರುವುದಿಲ್ಲ. ಇಬ್ಬರ ಬದುಕೂ ಒಬ್ಬರನ್ನೊಬ್ಬರು ನೆಚ್ಚಿಕೊಂಡಾಗ ಅದು ಬೆಳೆಯುತ್ತದೆ, ಆ ನೆಚ್ಚಿಕೆ ಕಡಿದಾಗ ಒಂದೆರಡು ತಲೆಮಾರಿನಲ್ಲೇ ಬತ್ತಿಹೋಗುತ್ತದೆ.

ಕುಮಾವೂಂ ಪ್ರದೇಶದ ಜೋಹಾರ ಕಣಿವೆಯನ್ನೇ ತೆಗೆದುಕೊಳ್ಳಬಹುದು. ಗೋರಿ ಗಂಗಾ ನದಿಯ ಮೇಲ್ದಂಡೆಯಲ್ಲಿರುವ ಮಿಲಮ್ ಈ ಕಣಿವೆಯ ದೊಡ್ಡ ಊರಾಗಿತ್ತು. ಅಲ್ಲಿನ ಭೋಟಿಯಾ ವ್ಯಾಪಾರಿಗಳು ಬೇಸಿಗೆಯಲ್ಲಿ ಹಿಮ ಕರಗಿದ ಮೇಲೆ ಧಾನ್ಯ, ಬೆಲ್ಲ, ಬಟ್ಟೆ ಹೇರಿಕೊಂಡು ಉಂಟಾ ಧುರಾ, ಜಯಂತಿ, ಕುಂಗ್ರಿ ಬಿಂಗ್ರಿ ಎಂಬ ಮೂರು ಕಣಿವೆದಾರಿಗಳನ್ನು ಒಂದರ ಹಿಂದೊಂದು ದಾಟುತ್ತಿದ್ದರು. ಉಂಟಾ ಧುರಾ ಒಂದೇ 17 ಸಾವಿರ ಅಡಿಗಿಂತ ಎತ್ತರದಲ್ಲಿದೆ. ಒಂದೊಂದು ಕುರಿ ಅಥವಾ ಮೇಕೆ ಹತ್ತು-ಹನ್ನೆರಡು ಕಿಲೊ ತೂಕದ ಜೋಡಿಚೀಲ ಹೊರುತ್ತಿತ್ತು. ಗ್ಯಾನಿಮಾದಂಥ ಟಿಬೆಟ್ಟಿನ ಸಂತೆಗಳಲ್ಲಿ ಸರಕು ಮಾರಿ ಉಪ್ಪು, ಬಿಳಿಗಾರ, ಉಣ್ಣೆ ತರುತ್ತಿದ್ದರು. ಚಳಿಗಾಲದಲ್ಲಿ ಕೆಳಗಿಳಿದು ಬಾಗೇಶ್ವರದ ಉತ್ತರಾಯಣಿ ಜಾತ್ರೆಯಂಥ ಕಡೆ ಅದನ್ನು ಮಾರುತ್ತಿದ್ದರು. ಪ್ರತಿ ವ್ಯಾಪಾರಿ ಮನೆತನಕ್ಕೂ ಆಚೆ ಒಂದು ‘ಮಿತ್ರ’ ಮನೆತನ ಇತ್ತು. ಸಂಬಂಧ ಕಟ್ಟುವಾಗ ಒಂದು ಕಲ್ಲನ್ನು ಎರಡಾಗಿ ಒಡೆದು ಇಬ್ಬರೂ ಒಂದೊಂದು ಹೋಳು ಇಟ್ಟುಕೊಳ್ಳುವ ಪದ್ಧತಿಯಿತ್ತು, ಆ ಹಕ್ಕು ತಂದೆಯಿಂದ ಮಗನಿಗೆ ಹೋಗುತ್ತಿತ್ತು. ವ್ಯಾಪಾರದ ಋತು ಆರಂಭವಾಗುವ ಮುನ್ನ ಟಿಬೆಟ್ಟಿನ ಕಡೆಯಿಂದ ಅಧಿಕಾರಿಯೊಬ್ಬ ಬಂದು ಈಚೆ ಸಾಂಕ್ರಾಮಿಕ ರೋಗವಾಗಲಿ ಗಲಭೆಯಾಗಲಿ ಇಲ್ಲವೆಂದು ವಿಚಾರಿಸಿಕೊಂಡು ಹೋದ ಮೇಲೇ ದಾರಿ ತೆರೆಯುತ್ತಿತ್ತು. ಹೀಗೆ ಪ್ರತಿ ವರ್ಷವೂ ಒಬ್ಬರ ಆರೋಗ್ಯ, ಬೆಳೆ, ರಾಜಕೀಯಗಳ ಸುದ್ದಿ ಇನ್ನೊಬ್ಬರಿಗೆ ಮುಟ್ಟಲೇಬೇಕಿತ್ತು. ಮುಟ್ಟದಿದ್ದರೆ ಆ ವರ್ಷ ಕೆಳಗಿನವರಿಗೆ ಉಪ್ಪಿಲ್ಲ, ಮೇಲಿನವರಿಗೆ ಧಾನ್ಯವಿಲ್ಲ.

ಇದೆಲ್ಲ ಸಂತೆಯ ಲೆಕ್ಕಾಚಾರ, ದೇಶವೊಂದರ ತಿಳಿವಳಿಕೆ ಎಂದು ಇದನ್ನು ಕರೆಯಲಾದೀತೇ ಎಂದು ಯಾರಾದರೂ ಕೇಳಬಹುದು. ಆಕ್ಷೇಪದಲ್ಲಿ ಹುರುಳಿದೆ. ಈ ಅರಿವು ಕೆಲವೇ ಮನೆತನಗಳಲ್ಲಿ ಉಳಿದಿತ್ತು, ಬರಹಕ್ಕೆ ಇಳಿದದ್ದು ಕಡಿಮೆ. ಸಾಲ, ಬಡ್ಡಿ, ಜಗಳಗಳೂ ಅದರೊಳಗಿದ್ದವು. ಆದರೆ ದೊಡ್ಡದೆಂದು ನಾವು ಮನ್ನಿಸುವ ತಿಳಿವಳಿಕೆ ನಿಂತದ್ದೂ ಇದೇ ತಳಪಾಯದ ಮೇಲೆ. 1812ರಲ್ಲಿ ವೇಷ ಮರೆಸಿಕೊಂಡು ಮಾನಸ ಸರೋವರದ ಕಡೆಗೆ ಹೋದ ಇಂಗ್ಲಿಷ್ ಪಶುವೈದ್ಯ ವಿಲಿಯಂ ಮೂರ್‌ಕ್ರಾಫ್ಟ್‌ಗೆ ನೆರವಾದವರು ಜೋಹಾರದ ವ್ಯಾಪಾರಿಗಳು. ಅರ್ಧ ಶತಮಾನದ ನಂತರ ಬ್ರಿಟಿಷ್ ಸರ್ವೆ ಇಲಾಖೆಯ ಕ್ಯಾಪ್ಟನ್ ಮಾಂಟ್ಗೊಮರಿ ಟಿಬೆಟ್ಟಿನ ನಕ್ಷೆ ಮಾಡಿಸಲು ಹೊರಟಾಗ ಆರಿಸಿಕೊಂಡದ್ದು ಮಿಲಮ್‌ನ ಶಾಲಾ ಮೇಷ್ಟ್ರು ನೈನ್ ಸಿಂಗ್ ರಾವತ್‌ರನ್ನು. 108 ಮಣಿಗಳ ಜಪಮಾಲೆಯ ಬದಲು 100 ಮಣಿಗಳ ಮಾಲೆ ಹಿಡಿದು, ನೂರು ಹೆಜ್ಜೆಗೊಂದು ಮಣಿ ಸರಿಸುತ್ತ, ಪ್ರಾರ್ಥನಾಚಕ್ರದೊಳಗೆ ಟಿಪ್ಪಣಿ ಅಡಗಿಸಿಟ್ಟು ಅವರು ನೇಪಾಳದ ಮಾರ್ಗವಾಗಿ 1866ರ ಜನವರಿಯಲ್ಲಿ ಲ್ಹಾಸಾ ಮುಟ್ಟಿದರು. ನೀರು ಕುದಿಯುವ ಉಷ್ಣತೆಯಿಂದ ಎತ್ತರವನ್ನೂ ನಕ್ಷತ್ರಗಳಿಂದ ಅಕ್ಷಾಂಶವನ್ನೂ ಲೆಕ್ಕ ಹಾಕಿದರು. ಕೈಯಲ್ಲಿ ಹಣ ತೀರಿದಾಗ ಅಲ್ಲಿದ್ದ ನೇಪಾಳಿ ವರ್ತಕರಿಗೆ ಲೆಕ್ಕಪತ್ರ ಕಲಿಸಿ ದಿನ ದೂಡಿದರು. 1877ರಲ್ಲಿ ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿ ಚಿನ್ನದ ಪದಕ ಕೊಟ್ಟಿತು. ಹೆಜ್ಜೆ ಎಣಿಸುವ ತರಬೇತಿಯನ್ನು ಡೆಹ್ರಾಡೂನ್‌ನ ಸರ್ವೆ ಕಚೇರಿ ಕೊಟ್ಟಿರಬಹುದು. ಭಾಷೆ, ದಾರಿಯ ರೂಢಿ, ವ್ಯಾಪಾರಿಯಾಗಿ ನಾಲ್ಕು ಜನರ ನಡುವೆ ಬೆರೆಯುವ ಸಲೀಸು, ಇವನ್ನು ಕೊಟ್ಟದ್ದು ಮಿಲಮ್.

ಸರ್ವೆಯ ಅರಿವು ವ್ಯಾಪಾರಿಯ ಅರಿವಿಗಿಂತ ನಿಖರವಾಗಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದು ಒಮ್ಮುಖವಾಗಿತ್ತು. ವ್ಯಾಪಾರಿ ಆಚೆಯವರನ್ನು ಅರಿತಂತೆ ಅವರೂ ವ್ಯಾಪಾರಿಯನ್ನು ಅರಿಯುತ್ತಿದ್ದರು, ಸುಳ್ಳಾಡಿದರೆ ಮುಂದಿನ ವರ್ಷ ಸರಕು ಸಿಗುತ್ತಿರಲಿಲ್ಲ. ಗೂಢಚಾರನಿಗೆ ಆ ಹೊಣೆ ಇಲ್ಲ. ಬಂಗಾಳದ ವಿದ್ವಾಂಸ ಶರಚ್ಚಂದ್ರ ದಾಸ್ ಅವರ ಕತೆಯಲ್ಲಿ ಇದರ ಬೆಲೆ ಕಾಣುತ್ತದೆ. 1879ರಲ್ಲಿ ಮತ್ತು 1881-82ರಲ್ಲಿ ಅವರು ಟಿಬೆಟ್‌ನಲ್ಲಿ ಓಡಾಡಿ ಗ್ರಂಥಗಳನ್ನು ತಂದರು. 1902ರಲ್ಲಿ ಬಂದ ಅವರ ಟಿಬೆಟನ್-ಇಂಗ್ಲಿಷ್ ನಿಘಂಟನ್ನು ವಿದ್ವಾಂಸರು ಈಗಲೂ ತೆರೆದು ನೋಡುತ್ತಾರೆ. ಆದರೆ ಅವರು ಬ್ರಿಟಿಷರಿಗಾಗಿ ಮಾಹಿತಿ ಕಲೆಹಾಕಿದ್ದು ಬಯಲಾದ ಮೇಲೆ, ಅವರಿಗೆ ಗುರುವಾಗಿ ಆಶ್ರಯ ಕೊಟ್ಟಿದ್ದ ಸೆಂಗ್‌ಚೆನ್ ಲಾಮಾ ಅವರನ್ನು 1887ರಲ್ಲಿ ನದಿಯಲ್ಲಿ ಮುಳುಗಿಸಿ ಕೊಲ್ಲಲಾಯಿತು. ಟಿಬೆಟ್ಟಿನ ಸಂಶಯ ಇನ್ನಷ್ಟು ಗಟ್ಟಿಯಾಯಿತು. 1903-04ರಲ್ಲಿ ಬ್ರಿಟಿಷ್ ಅಧಿಕಾರಿ ಯಂಗ್‌ಹಸ್ಬೆಂಡ್ ಸೈನ್ಯದೊಂದಿಗೆ ಲ್ಹಾಸಾಕ್ಕೆ ನುಗ್ಗುವ ಹೊತ್ತಿಗೆ ಬ್ರಿಟಿಷರ ಬಳಿ ಒಳ್ಳೆಯ ನಕ್ಷೆಗಳಿದ್ದವು, ನೆರೆಯವರ ನಂಬಿಕೆ ಇರಲಿಲ್ಲ. ಯಾರನ್ನು ಅರಿಯುತ್ತೇವೋ ಅವರಿಗೇ ಕೇಡಾಗುವ ಅರಿವು ಎಷ್ಟೇ ನಿಖರವಾಗಿದ್ದರೂ ಕೊನೆಗೆ ಬಾಗಿಲು ಮುಚ್ಚಿಸುತ್ತದೆ.

ಇದಕ್ಕೆ ಎದುರಾಗಿ ಕಾಲಿಂಪೊಂಗ್ ಇದೆ. ಜೆಲೆಪ್ ಲಾ ದಾರಿಯಿಂದ ಬರುತ್ತಿದ್ದ ಉಣ್ಣೆಯ ಹೇಸರಗತ್ತೆಗಳ ಊರು ಅದು. ಉಣ್ಣೆ ಬಂದಲ್ಲಿಗೆ ಭಾಷೆಯೂ ಸುದ್ದಿಯೂ ಬಂದವು. 1925ರಲ್ಲಿ ಅಲ್ಲಿ ಥಾರ್ಚಿನ್ ಎಂಬ ಕ್ರೈಸ್ತ ಪಾದ್ರಿ ಟಿಬೆಟನ್ ಭಾಷೆಯ ಪತ್ರಿಕೆಯೊಂದನ್ನು ಶುರುಮಾಡಿ 1963ರವರೆಗೂ ನಡೆಸಿದರು. ಅದರ ಓದುಗರಲ್ಲಿ 13ನೆಯ ದಲೈ ಲಾಮಾ ಕೂಡ ಒಬ್ಬರು. ಟಿಬೆಟ್ ಭಾರತವನ್ನೂ ಜಗತ್ತನ್ನೂ ಓದಿದ್ದು ಭಾರತದ ಒಂದು ಉಣ್ಣೆಪೇಟೆಯಲ್ಲಿ ಅಚ್ಚಾದ ಹಾಳೆಗಳಲ್ಲಿ. ವಿದ್ವಾಂಸ ರಾಹುಲ ಸಾಂಕೃತ್ಯಾಯನರು 1929ರಿಂದ 1938ರ ನಡುವೆ ನಾಲ್ಕು ಬಾರಿ ಟಿಬೆಟ್ಟಿಗೆ ಹೋಗಿ, ಭಾರತದಲ್ಲಿ ಕಳೆದೇಹೋಗಿದ್ದ ಸಂಸ್ಕೃತ ಬೌದ್ಧಗ್ರಂಥಗಳನ್ನು ಪತ್ತೆಹಚ್ಚಿದ್ದೂ ವರ್ತಕರು ತುಳಿದಿದ್ದ ದಾರಿಗಳಲ್ಲೇ. ಧರ್ಮಕೀರ್ತಿಯ ‘ಪ್ರಮಾಣವಾರ್ತಿಕ’ ಹಾಗೆ ಮರಳಿ ಸಿಕ್ಕಿತು. ವಿದ್ವತ್ತು ವ್ಯಾಪಾರಕ್ಕಿಂತ ಮೇಲಿನದು ಎಂದು ಹೇಳುವವರು ವಿದ್ವಾಂಸ ನಡೆದ ದಾರಿಯನ್ನು ಯಾರು ಸವೆಸಿದ್ದರು ಎಂಬುದನ್ನು ಮರೆಯಬಾರದು.

1954ರ ಏಪ್ರಿಲ್ 29ರಂದು ಭಾರತ ಮತ್ತು ಚೀನಾ ಸಹಿ ಹಾಕಿದ ಒಪ್ಪಂದವನ್ನು ನಾವು ಪಂಚಶೀಲದ ಹೆಸರಿನಲ್ಲಿ ನೆನೆಯುತ್ತೇವೆ. ಅದು ಮೂಲತಃ ಟಿಬೆಟ್ ಜತೆಗಿನ ವ್ಯಾಪಾರದ, ಯಾತ್ರೆಯ ಒಪ್ಪಂದ. ಶಿಪ್ಕಿ, ಮಾಣಾ, ನೀತಿ, ಕುಂಗ್ರಿ ಬಿಂಗ್ರಿ, ದಾರ್ಮಾ, ಲಿಪುಲೇಖ್ ಎಂಬ ಆರು ದಾರಿಗಳ ಹೆಸರು ಅದರಲ್ಲಿತ್ತು. 1962ರ ಜೂನ್‌ನಲ್ಲಿ ಅದರ ಅವಧಿ ಮುಗಿಯಿತು, ಅಕ್ಟೋಬರ್‌ನಲ್ಲಿ ಯುದ್ಧ ಬಂತು, ದಾರಿಗಳು ಮುಚ್ಚಿದವು. ಜೋಹಾರದ ಮನೆತನಗಳು ಉದ್ಯೋಗ ಅರಸಿ ಕೆಳಗಿನ ಊರುಗಳಿಗೆ ಹೋದವು, ಮಿಲಮ್ ಹೆಚ್ಚುಕಡಿಮೆ ಖಾಲಿಯಾಯಿತು. ನಕ್ಷೆ ಇದ್ದರೆ ಸಾಕು ಎನ್ನುವವರು ಅಕ್ಸಾಯ್ ಚಿನ್ ಕಡೆ ನೋಡಬೇಕು. ಲೇಹ್-ಯಾರ್ಕಂದ್ ವ್ಯಾಪಾರ 1949ರ ನಂತರ ನಿಂತುಹೋಗಿತ್ತು. ಆ ನೆಲದ ಮೇಲೆ ಚೀನಾ ರಸ್ತೆ ಹಾಯಿಸಿದ್ದು ದೆಹಲಿಗೆ ಖಚಿತವಾದದ್ದು 1957ರಲ್ಲಿ ರಸ್ತೆ ಮುಗಿಯಿತೆಂದು ಚೀನಾವೇ ಸಾರಿದ ಮೇಲೆ. ನಡೆಯುವ ಕಾಲುಗಳಿಲ್ಲದ ಗಡಿಯಲ್ಲಿ ಸುದ್ದಿಗೂ ಕಾಲಿಲ್ಲ. ಲಿಪುಲೇಖ್ 1992ರಲ್ಲಿ, ನಾಥು ಲಾ 2006ರಲ್ಲಿ ಮತ್ತೆ ತೆರೆದವು ನಿಜ. ಆದರೆ ಅಷ್ಟರಲ್ಲಿ ಮಿತ್ರ ಮನೆತನಗಳ ತಲೆಮಾರು ಕಳೆದುಹೋಗಿತ್ತು.

ಕಾಲ ಬದಲಾಗಿದೆ, ಬೇಕಾದ ಮಾಹಿತಿ ಈಗ ಅಂಗೈಯಲ್ಲೇ ಸಿಗುತ್ತದೆ ಎಂಬುದು ಇವತ್ತಿನ ದೊಡ್ಡ ಆಕ್ಷೇಪ. ಮಾಹಿತಿ ಸಿಗುತ್ತದೆ, ಆದರೆ ಬೇಕು ಎನ್ನಿಸುವುದು ಹೇಗೆ? ಕರ್ನಾಟಕದಲ್ಲೇ ಉತ್ತರವಿದೆ. 1960ರಲ್ಲಿ ಅಂದಿನ ಮೈಸೂರು ಸರ್ಕಾರ ಬೈಲಕುಪ್ಪೆಯಲ್ಲಿ ಟಿಬೆಟನ್ ನಿರಾಶ್ರಿತರಿಗೆ ಜಮೀನು ಕೊಟ್ಟಿತು. ನಂತರ ಮುಂಡಗೋಡ, ಹುಣಸೂರು, ಕೊಳ್ಳೇಗಾಲಗಳಲ್ಲೂ ನೆಲೆಗಳಾದವು. ಟಿಬೆಟ್ಟಿನ ಸೆರಾ ಮಠ ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳು ಮುಂಡಗೋಡದಲ್ಲಿ ಮರುಹುಟ್ಟು ಪಡೆದವು. ಜಗತ್ತಿನ ದೊಡ್ಡ ಬೌದ್ಧ ವಿದ್ಯಾಕೇಂದ್ರಗಳು ನಮ್ಮ ನೆಲದಲ್ಲಿದ್ದೂ ನಮ್ಮಲ್ಲಿ ಹೆಚ್ಚಿನವರಿಗೆ ಬೈಲಕುಪ್ಪೆ ಎಂದರೆ ಚಿನ್ನದ ಬಣ್ಣದ ಬುದ್ಧನ ಎದುರು ಫೋಟೊ ತೆಗೆಸಿಕೊಳ್ಳುವ ಜಾಗ. ಅಲ್ಲಿನ ಟಿಬೆಟನ್ನರು ಕನ್ನಡ ಕಲಿತರು, ಏಕೆಂದರೆ ಸಂತೆಗೆ, ಹೊಲಕ್ಕೆ, ಕಚೇರಿಗೆ ಅದು ಬೇಕಿತ್ತು. ನಮಗೆ ಟಿಬೆಟನ್ ಬೇಕಾಗಲಿಲ್ಲ, ಕಲಿಯಲಿಲ್ಲ. ಹತ್ತಿರವಿದ್ದ ಮಾತ್ರಕ್ಕೆ ಅರಿವು ಬರುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ. ಇದು ಬದಲಾಗಲಾರದ್ದೇನೂ ಅಲ್ಲ. 2011ರಿಂದ ಮೇಘಾಲಯದ ಗಡಿಯಲ್ಲಿ ಬಾಂಗ್ಲಾದೇಶದೊಂದಿಗೆ ಗಡಿಸಂತೆಗಳನ್ನು ತೆರೆದದ್ದು ಸರಿಯಾದ ದಿಕ್ಕಿನ ಹೆಜ್ಜೆ. ಹಾಗೆಯೇ ನಮ್ಮ ವಿಶ್ವವಿದ್ಯಾಲಯಗಳು ಮುಂಡಗೋಡದ ವಿದ್ವಾಂಸರೊಂದಿಗೆ ಕೂಡಿ ಭಾಷೆ ಕಲಿಸಬಹುದು, ಗ್ರಂಥಗಳನ್ನು ನೇರವಾಗಿ ಕನ್ನಡಕ್ಕೆ ತರಬಹುದು. ಆಗ ಅವರ ವಿದ್ಯೆ ನಮಗೆ ಬೇಕಾಗುತ್ತದೆ, ನಮ್ಮ ಓದುಗರು ಅವರಿಗೆ ಬೇಕಾಗುತ್ತಾರೆ. ಪಠ್ಯಕ್ಕೆ ಇನ್ನೊಂದು ಅಧ್ಯಾಯ ಸೇರಿಸುವುದು ಸುಲಭ. ಎರಡು ಕಡೆಯ ಜನ ಒಬ್ಬರಿಗೊಬ್ಬರು ಬೇಕಾಗುವಂತೆ ಮಾಡುವುದು ಕಷ್ಟ, ಆದರೆ ನೆರೆನಾಡಿನ ಅರಿವು ಚರಿತ್ರೆಯಲ್ಲಿ ಬೆಳೆದದ್ದು ಆ ಕಷ್ಟದ ದಾರಿಯಲ್ಲೇ.