ಟರ್ಮಿನಲ್ ಸರ್ವರ್ ಆಯ್ಕೆ: ಪ್ರೊಟೊಕಾಲ್ ಪಟ್ಟಿಯನ್ನು ಓದುವುದು ಹೇಗೆ?

ಪೀಣ್ಯದ ಕಾರ್ಖಾನೆಗಳ ಸಿಎನ್‌ಸಿ ಯಂತ್ರ, ಸಕ್ಕರೆ ಕಾರ್ಖಾನೆಯ ಹೊರಗಿನ ವೇಬ್ರಿಡ್ಜ್, ವಿದ್ಯುತ್ ಉಪಕೇಂದ್ರದ ಮೀಟರ್, ದತ್ತಾಂಶ ಕೇಂದ್ರದ ರೂಟರ್. ಮೇಲ್ನೋಟಕ್ಕೆ ಸಂಬಂಧವೇ ಇಲ್ಲದ ಈ ಉಪಕರಣಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಒಂದು ಅಂಗವೆಂದರೆ ಸೀರಿಯಲ್ ಪೋರ್ಟ್. ಗಣಕಗಳಿಂದ ಈ ಪೋರ್ಟ್ ಬಹುತೇಕ ಮಾಯವಾಗಿದ್ದರೂ ಯಂತ್ರಗಳಿಂದ ಮಾಯವಾಗಿಲ್ಲ. ಇಂತಹ ಉಪಕರಣಗಳನ್ನು ಕಚೇರಿಯ ಕಂಪ್ಯೂಟರ್ ಜಾಲಕ್ಕೆ ಜೋಡಿಸುವ ಸಾಧನವೇ ನೆಟ್‌ವರ್ಕ್ ಟರ್ಮಿನಲ್ ಸರ್ವರ್. ಒಂದು ಬದಿಯಲ್ಲಿ ಸೀರಿಯಲ್ ಪೋರ್ಟ್‌ಗಳು, ಇನ್ನೊಂದು ಬದಿಯಲ್ಲಿ ಈಥರ್ನೆಟ್. ನಡುವೆ ಭಾಷಾಂತರ ಮಾಡುವ ಸಣ್ಣ ಗಣಕ. ಇದರ ರಚನೆ ಇಷ್ಟೇ.

ಮಾರುಕಟ್ಟೆಯಲ್ಲಿರುವ ಬಹುತೇಕ ಮಾದರಿಗಳ ವಿವರಪಟ್ಟಿಯಲ್ಲಿ ಹತ್ತಿಪ್ಪತ್ತು ಪ್ರೊಟೊಕಾಲ್‌ಗಳ, ಅಂದರೆ ಸಂವಹನ ನಿಯಮಾವಳಿಗಳ, ಹೆಸರುಗಳಿರುತ್ತವೆ. ಪಟ್ಟಿ ಉದ್ದವಾಗಿದ್ದಷ್ಟೂ ಸಾಧನ ಉತ್ತಮವೆಂದು ಭಾವಿಸಿ ಖರೀದಿಸುವವರು ಅನೇಕರು. ಆದರೆ ಆ ಪಟ್ಟಿಯಲ್ಲಿ ಕೆಲವು ಅನಿವಾರ್ಯ, ಕೆಲವು ಅನಗತ್ಯ, ಇನ್ನು ಕೆಲವು ಅಪಾಯಕಾರಿ. ಇವುಗಳನ್ನು ಬೇರ್ಪಡಿಸಿ ನೋಡುವುದೇ ಆಯ್ಕೆಯ ಮೊದಲ ಹೆಜ್ಜೆ.

ಹೆಸರಿನ ಗೊಂದಲ

‘ಟರ್ಮಿನಲ್ ಸರ್ವರ್’ ಎಂಬ ಹೆಸರು ಎರಡು ಬೇರೆ ಬೇರೆ ವಸ್ತುಗಳಿಗೆ ಬಳಕೆಯಾಗಿದೆ. ಮೈಕ್ರೋಸಾಫ್ಟ್ ಸಂಸ್ಥೆ 1998ರಲ್ಲಿ ವಿಂಡೋಸ್ ಎನ್‌ಟಿ 4.0 ತಂತ್ರಾಂಶದ ‘ಟರ್ಮಿನಲ್ ಸರ್ವರ್’ ಆವೃತ್ತಿಯನ್ನು ಹೊರತಂದಿತು. ಅದು ದೂರದ ಗಣಕದ ಪರದೆಯನ್ನು ಬಳಕೆದಾರರಿಗೆ ತೋರಿಸುವ ತಂತ್ರಾಂಶ. ನಂತರದ ವರ್ಷಗಳಲ್ಲಿ ಅದು ‘ರಿಮೋಟ್ ಡೆಸ್ಕ್‌ಟಾಪ್ ಸರ್ವಿಸಸ್’ ಎಂದು ಹೆಸರು ಬದಲಿಸಿಕೊಂಡಿತು. ಈ ಲೇಖನದ ವಿಷಯ ಅದಲ್ಲ. ಇಲ್ಲಿ ಹೇಳುತ್ತಿರುವುದು ಸೀರಿಯಲ್ ಪೋರ್ಟ್‌ಗಳುಳ್ಳ ಯಂತ್ರಾಂಶ ಪೆಟ್ಟಿಗೆಯ ಕುರಿತು. ಸರ್ವರ್ ಮತ್ತು ರೂಟರ್‌ಗಳ ನಿರ್ವಹಣೆಗೆ ಬಳಸಿದಾಗ ಇದನ್ನು ‘ಕನ್ಸೋಲ್ ಸರ್ವರ್’ ಎಂದೂ, ಕಾರ್ಖಾನೆಯ ಉಪಕರಣಗಳಿಗೆ ಬಳಸಿದಾಗ ‘ಸೀರಿಯಲ್ ಡಿವೈಸ್ ಸರ್ವರ್’ ಎಂದೂ ಕರೆಯಲಾಗುತ್ತದೆ. ಟೆಂಡರ್ ಕರೆಯುವಾಗ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ನಮೂದಿಸದಿದ್ದರೆ ಸಂಬಂಧವಿಲ್ಲದ ಉತ್ಪನ್ನಕ್ಕೆ ದರಪಟ್ಟಿ ಬರುವ ಸಾಧ್ಯತೆಯಿದೆ.

ಬೆಳೆದುಬಂದ ಹಾದಿ

ಅಂತರಜಾಲದ ಪೂರ್ವರೂಪವಾದ ಅಮೆರಿಕದ ಅರ್ಪಾನೆಟ್ ಜಾಲದಲ್ಲಿ 1971ರಲ್ಲಿ ‘ಟಿಪ್’ ಎಂಬ ಸಾಧನ ಬಳಕೆಗೆ ಬಂದಿತು. ತನ್ನದೇ ದೊಡ್ಡ ಗಣಕವಿಲ್ಲದ ಸಂಸ್ಥೆಯೂ ಇದಕ್ಕೆ 63ರವರೆಗೆ ಟರ್ಮಿನಲ್‌ಗಳನ್ನು ಜೋಡಿಸಿ ದೂರದ ಗಣಕಗಳನ್ನು ಬಳಸಬಹುದಾಗಿತ್ತು. 1980ರ ದಶಕದ ಮಧ್ಯಭಾಗದಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ (ಡೆಕ್) ಸಂಸ್ಥೆಯ ‘ಡೆಕ್‌ಸರ್ವರ್’ ಸಾಧನಗಳು ಜನಪ್ರಿಯವಾದವು. ಅವು ಬಳಸಿದ ನಿಯಮಾವಳಿಯ ಹೆಸರು ‘ಲ್ಯಾಟ್’.

ಲ್ಯಾಟ್ ಬಹಳ ಮಿತವ್ಯಯಿ. ಅನೇಕ ಟರ್ಮಿನಲ್‌ಗಳಲ್ಲಿ ಒತ್ತಿದ ಅಕ್ಷರಗಳನ್ನು ಸಾಮಾನ್ಯವಾಗಿ 80 ಮಿಲಿಸೆಕೆಂಡುಗಳಿಗೊಮ್ಮೆ ಒಂದೇ ಪೊಟ್ಟಣದಲ್ಲಿ ಕಟ್ಟಿ ಕಳುಹಿಸುತ್ತಿತ್ತು. ಆದರೆ ಅದರಲ್ಲಿ ಜಾಲದಿಂದ ಜಾಲಕ್ಕೆ ದಾರಿ ತೋರುವ ವಿಳಾಸ ವ್ಯವಸ್ಥೆಯೇ ಇರಲಿಲ್ಲ. ಹೀಗಾಗಿ ರೂಟರ್ ದಾಟಿ ಹೋಗಲು ಅದಕ್ಕೆ ಸಾಧ್ಯವಿರಲಿಲ್ಲ. ಇತ್ತ ಯುನಿಕ್ಸ್ ಗಣಕಗಳು ಟಿಸಿಪಿ/ಐಪಿ ಆಧಾರಿತ ಟೆಲ್‌ನೆಟ್ ಬಳಸುತ್ತಿದ್ದವು. ಒಂದೇ ಕಚೇರಿಯಲ್ಲಿ ಡೆಕ್ ಗಣಕವೂ ಯುನಿಕ್ಸ್ ಗಣಕವೂ ಇದ್ದಾಗ ಎರಡೂ ಭಾಷೆ ಬಲ್ಲ ಪೆಟ್ಟಿಗೆ ಬೇಕಾಯಿತು. ‘ಬಹು ಪ್ರೊಟೊಕಾಲ್ ಟರ್ಮಿನಲ್ ಸರ್ವರ್’ ಎಂಬ ಮಾತು ಚಾಲ್ತಿಗೆ ಬಂದದ್ದು ಇಂತಹ ಅಗತ್ಯದಿಂದ. ಲ್ಯಾಟ್ ಇಂದು ಹಳೆಯ ಡೆಕ್ ವ್ಯವಸ್ಥೆಗಳನ್ನು ಉಳಿಸಿಕೊಂಡ ಕೆಲವೇ ಕಡೆ ಬೇಕಾಗುತ್ತದೆ. ಉಳಿದವರು ಅದಕ್ಕಾಗಿ ಹಣ ತೆರಬೇಕಾಗಿಲ್ಲ.

ಯಾವ ನಿಯಮಾವಳಿ ಯಾವ ಕೆಲಸಕ್ಕೆ?

ಟೆಲ್‌ನೆಟ್: 1983ರ ಆರ್‌ಎಫ್‌ಸಿ 854 ದಾಖಲೆಯಲ್ಲಿ ವಿವರಿಸಲಾದ ನಿಯಮಾವಳಿ. ಬಹುತೇಕ ಸಾಧನಗಳಲ್ಲಿ ಇರುತ್ತದೆ. ಆದರೆ ಪಾಸ್‌ವರ್ಡ್ ಸೇರಿದಂತೆ ಎಲ್ಲವೂ ಬಯಲಾಗಿಯೇ ಸಾಗುತ್ತದೆ. ಹೀಗಾಗಿ ಟೆಲ್‌ನೆಟ್ ಇದೆಯೇ ಎಂದು ಕೇಳುವುದಕ್ಕಿಂತ ಅದನ್ನು ಸಂಪೂರ್ಣ ಮುಚ್ಚಲು ಬರುತ್ತದೆಯೇ ಎಂದು ಕೇಳುವುದು ಸೂಕ್ತ.

ಎಸ್‌ಎಸ್‌ಎಚ್: ಫಿನ್ಲೆಂಡ್‌ನ ತಾತು ಯಲೋನೆನ್ 1995ರಲ್ಲಿ ರೂಪಿಸಿದ, ಸಂವಹನವನ್ನು ಗೂಢಲಿಪಿಯಲ್ಲಿ ಕಳುಹಿಸುವ ವಿಧಾನ. ಇದರ ಎರಡನೆಯ ಆವೃತ್ತಿ 2006ರಲ್ಲಿ ಮಾನಕವಾಯಿತು. ಪಟ್ಟಿಯಲ್ಲಿ ‘ಎಸ್‌ಎಸ್‌ಎಚ್’ ಎಂದಷ್ಟೇ ಇದ್ದರೆ ಸಾಲದು. ಎರಡನೆಯ ಆವೃತ್ತಿಯೇ ಆಗಿರಬೇಕು ಮತ್ತು ಆಧುನಿಕ ಗೂಢಲಿಪಿ ವಿಧಾನಗಳಿರಬೇಕು. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಚ್ 8.8 ಆವೃತ್ತಿಯು ದುರ್ಬಲವಾದ ಎಸ್‌ಎಚ್‌ಎ-1 ಆಧಾರಿತ ಆರ್‌ಎಸ್‌ಎ ಸಹಿಗಳನ್ನು ಪೂರ್ವನಿಯೋಜಿತವಾಗಿ ನಿಲ್ಲಿಸಿತು. ಪರಿಣಾಮವಾಗಿ ಹಳೆಯ ತಂತ್ರಾಂಶವಿರುವ ಪೆಟ್ಟಿಗೆಗಳಿಗೆ ಹೊಸ ಗಣಕದಿಂದ ಸಂಪರ್ಕವೇ ಸಿಗದಂತಾಗಬಹುದು.

ರಾ ಟಿಸಿಪಿ ಮತ್ತು ಆರ್‌ಎಫ್‌ಸಿ 2217: ರಾ ಟಿಸಿಪಿ ವಿಧಾನದಲ್ಲಿ ಸೀರಿಯಲ್ ಪೋರ್ಟ್‌ನಲ್ಲಿ ಬಂದ ಮಾಹಿತಿ ಯಥಾವತ್ತಾಗಿ ಜಾಲಕ್ಕೆ ಹೋಗುತ್ತದೆ. ವೇಬ್ರಿಡ್ಜ್‌ನಿಂದ ತೂಕ ಓದುವಂತಹ ಸರಳ ಕೆಲಸಕ್ಕೆ ಇದು ಸಾಕು. ಆದರೆ ಪೋರ್ಟ್‌ನ ವೇಗವನ್ನು ದೂರದಿಂದ ಬದಲಿಸಲು ಆಗದು. 1997ರ ಆರ್‌ಎಫ್‌ಸಿ 2217 ಈ ಕೊರತೆಯನ್ನು ನೀಗಿಸಿತು. ಗಣಕದಲ್ಲಿ ಕಾಲ್ಪನಿಕ ಕಾಮ್ ಪೋರ್ಟ್ ಸೃಷ್ಟಿಸಿ, ಹಳೆಯ ತಂತ್ರಾಂಶಕ್ಕೆ ಯಂತ್ರ ಪಕ್ಕದಲ್ಲೇ ಇದೆ ಎಂಬಂತೆ ತೋರಿಸುವ ಚಾಲಕ ತಂತ್ರಾಂಶಗಳು ಈ ನಿಯಮಾವಳಿಯನ್ನೋ ತಯಾರಕರ ಸ್ವಂತ ವಿಧಾನವನ್ನೋ ಬಳಸುತ್ತವೆ. ಸ್ವಂತ ವಿಧಾನವಾದರೆ ಮುಂದೆ ಬರುವ ವಿಂಡೋಸ್ ಅಥವಾ ಲಿನಕ್ಸ್ ಆವೃತ್ತಿಗೆ ಚಾಲಕ ಸಿಗುವುದೇ ಎಂಬುದು ಸಂಪೂರ್ಣ ಆ ತಯಾರಕರನ್ನೇ ಅವಲಂಬಿಸಿರುತ್ತದೆ. ಮಾನಕವೂ ಜೊತೆಗಿರುವ ಸಾಧನ ಲೇಸು.

ಮಾಡ್‌ಬಸ್: 1979ರಲ್ಲಿ ಮೋಡಿಕಾನ್ ಸಂಸ್ಥೆ ರೂಪಿಸಿದ, ಕೈಗಾರಿಕೆಗಳಲ್ಲಿ ಇಂದಿಗೂ ವ್ಯಾಪಕವಾಗಿರುವ ಭಾಷೆ. ಖರೀದಿದಾರರು ಹೆಚ್ಚಾಗಿ ಎಡವುವುದು ಇಲ್ಲಿಯೇ. ಸೀರಿಯಲ್ ತಂತಿಯ ಮೇಲಿನ ಮಾಡ್‌ಬಸ್ ಆರ್‌ಟಿಯು ಮತ್ತು ಈಥರ್ನೆಟ್ ಮೇಲಿನ ಮಾಡ್‌ಬಸ್ ಟಿಸಿಪಿ ಒಂದೇ ಅಲ್ಲ. ಆರ್‌ಟಿಯುನಲ್ಲಿ ಸಂದೇಶದ ಕೊನೆಗೆ ಎರಡು ಬೈಟ್‌ಗಳ ತಪಾಸಣಾ ಸಂಕೇತವಿರುತ್ತದೆ. ಟಿಸಿಪಿಯಲ್ಲಿ ಅದಿಲ್ಲ, ಬದಲಿಗೆ ಆರಂಭದಲ್ಲಿ ಏಳು ಬೈಟ್‌ಗಳ ತಲೆಬರಹವಿರುತ್ತದೆ. ಅಲ್ಲದೆ ಆರ್‌ಟಿಯುನಲ್ಲಿ ಒಂದು ಸಂದೇಶ ಮುಗಿಯಿತೆಂದು ತಿಳಿಯುವುದು ಮೂರೂವರೆ ಅಕ್ಷರಗಳಷ್ಟು ಕಾಲದ ಮೌನದಿಂದ. 9600 ವೇಗದಲ್ಲಿ ಇದು ಸುಮಾರು 4 ಮಿಲಿಸೆಕೆಂಡು. ಜಾಲದಲ್ಲಿ ಇಷ್ಟು ಸೂಕ್ಷ್ಮ ಕಾಲಗಣನೆ ಉಳಿಯುವ ಭರವಸೆಯಿಲ್ಲ. ಆದ್ದರಿಂದ ಮಾಹಿತಿಯನ್ನು ಯಥಾವತ್ತಾಗಿ ಸಾಗಿಸುವ ಸಾಧನ ಸಾಲದು. ಎರಡನ್ನೂ ಅರಿತು ಪರಿವರ್ತಿಸುವ ‘ಗೇಟ್‌ವೇ’ ಸೌಲಭ್ಯವಿದೆಯೇ ಎಂದು ಲಿಖಿತವಾಗಿ ಖಚಿತಪಡಿಸಿಕೊಳ್ಳಬೇಕು.

ರೇಡಿಯಸ್ ಮತ್ತು ಟ್ಯಾಕಾಕ್ಸ್ ಪ್ಲಸ್: ಬಳಕೆದಾರರ ಗುರುತನ್ನು ಕೇಂದ್ರ ಗಣಕದಲ್ಲಿ ಪರಿಶೀಲಿಸುವ ವ್ಯವಸ್ಥೆಗಳು. ಮೂಲ ರೇಡಿಯಸ್ ಪಾಸ್‌ವರ್ಡ್ ಒಂದನ್ನೇ ಮರೆಮಾಚುತ್ತದೆ. ಟ್ಯಾಕಾಕ್ಸ್ ಪ್ಲಸ್ ಇಡೀ ಸಂದೇಶವನ್ನು ಮರೆಮಾಚಿ, ಯಾರು ಯಾವ ಆಜ್ಞೆ ನೀಡಬಹುದೆಂಬುದನ್ನೂ ನಿಯಂತ್ರಿಸಬಲ್ಲದು. ಸಿಬ್ಬಂದಿ ಕೆಲಸ ಬಿಟ್ಟಾಗ ಐವತ್ತು ಪೆಟ್ಟಿಗೆಗಳಲ್ಲಿ ಪಾಸ್‌ವರ್ಡ್ ಬದಲಿಸುವ ತಾಪತ್ರಯ ಇವುಗಳಿಂದ ತಪ್ಪುತ್ತದೆ.

ನಿರ್ಲಕ್ಷ್ಯಕ್ಕೆ ತೆತ್ತ ಬೆಲೆ

ಸಾವಿರಾರು ರೂಪಾಯಿಯ ಈ ಪೆಟ್ಟಿಗೆ ಕೋಟ್ಯಂತರ ರೂಪಾಯಿಯ ವ್ಯವಸ್ಥೆಗೆ ಬಾಗಿಲಾಗಿರುತ್ತದೆ ಎಂಬುದನ್ನು ತೋರಿಸಿಕೊಟ್ಟ ಘಟನೆ ಉಕ್ರೇನ್‌ನದು. 2015ರ ಡಿಸೆಂಬರ್ 23ರಂದು ಅಲ್ಲಿನ ಮೂರು ವಿದ್ಯುತ್ ವಿತರಣಾ ಕಂಪನಿಗಳ ಮೇಲೆ ಸೈಬರ್ ದಾಳಿ ನಡೆದು ಸುಮಾರು 2.25 ಲಕ್ಷ ಗ್ರಾಹಕರು ಕತ್ತಲಲ್ಲಿ ಮುಳುಗಿದರು. ದಾಳಿಕೋರರು ಉಪಕೇಂದ್ರಗಳ ಬ್ರೇಕರ್‌ಗಳನ್ನು ತೆರೆದು ಸುಮ್ಮನಾಗಲಿಲ್ಲ. ಅಲ್ಲಿದ್ದ ಸೀರಿಯಲ್-ಈಥರ್ನೆಟ್ ಪರಿವರ್ತಕಗಳ ಒಳತಂತ್ರಾಂಶವನ್ನೇ ಅಳಿಸಿ, ಬದಲಿಗೆ ನಿರುಪಯುಕ್ತ ಮಾಹಿತಿ ತುಂಬಿದರು. ನಿಯಂತ್ರಣ ಕೊಠಡಿಯಿಂದ ಬ್ರೇಕರ್ ಮತ್ತೆ ಹಾಕುವ ದಾರಿಯೇ ಮುಚ್ಚಿಹೋಯಿತು. ಸಿಬ್ಬಂದಿ ಉಪಕೇಂದ್ರಗಳಿಗೆ ಧಾವಿಸಿ ಕೈಯಿಂದಲೇ ಬ್ರೇಕರ್ ಹಾಕಿದ ಮೇಲೆ, ಕೆಲವು ಗಂಟೆಗಳ ನಂತರ ವಿದ್ಯುತ್ ಮರಳಿತು.

ಇದಕ್ಕೂ ಮುನ್ನ, 2013ರಲ್ಲಿ ಭದ್ರತಾ ಸಂಶೋಧಕ ಎಚ್.ಡಿ. ಮೂರ್ ಅವರು ಅಂತರಜಾಲಕ್ಕೆ ನೇರವಾಗಿ ತೆರೆದುಕೊಂಡಿದ್ದ 1.14 ಲಕ್ಷಕ್ಕೂ ಹೆಚ್ಚು ಸೀರಿಯಲ್ ಸರ್ವರ್‌ಗಳನ್ನು ಗುರುತಿಸಿದ್ದರು. ಅವುಗಳ ಮೂಲಕ ಯಾವ ಪಾಸ್‌ವರ್ಡ್ ಕೂಡ ಕೇಳದೆ ಒಳಬಿಡುತ್ತಿದ್ದ 13 ಸಾವಿರಕ್ಕೂ ಹೆಚ್ಚು ನಿರ್ವಹಣಾ ದ್ವಾರಗಳು ಕಂಡುಬಂದವು. ಇದಕ್ಕೊಂದು ಕಾರಣ ಸೀರಿಯಲ್ ಸಂಪರ್ಕದ ಸ್ವಭಾವದಲ್ಲೇ ಇದೆ. ನಿರ್ವಾಹಕ ಒಮ್ಮೆ ಲಾಗಿನ್ ಆಗಿ ಹೊರಬರುವುದನ್ನು ಮರೆತರೆ, ಉಪಕರಣಕ್ಕೆ ಅದು ತಿಳಿಯುವುದಿಲ್ಲ. ಮುಂದೆ ಬಂದವರಿಗೆ ಬಾಗಿಲು ತೆರೆದೇ ಇರುತ್ತದೆ.

ಈ ಎರಡು ಪ್ರಕರಣಗಳಿಂದ ದೊರೆಯುವ ಪಾಠ ನೇರವಾಗಿದೆ. ತಯಾರಕರ ಡಿಜಿಟಲ್ ಸಹಿ ಇಲ್ಲದ ಒಳತಂತ್ರಾಂಶವನ್ನು ಸಾಧನ ತಿರಸ್ಕರಿಸಬೇಕು. ಪ್ರತಿ ಪೋರ್ಟ್‌ಗೂ ಗುರುತಿನ ಪರಿಶೀಲನೆ ಇರಬೇಕು. ಬಳಕೆಯಿಲ್ಲದ ಸಂಪರ್ಕ ನಿಗದಿತ ಅವಧಿಯ ನಂತರ ತಾನಾಗಿ ಕಡಿದು, ಆಗ ಡಿಟಿಆರ್ ಸಂಕೇತ ಇಳಿದು ಉಪಕರಣವೂ ಲಾಗ್‌ಔಟ್ ಆಗುವಂತಿರಬೇಕು. ಸಾಧನವನ್ನು ಅಂತರಜಾಲಕ್ಕೆ ನೇರವಾಗಿ ಎಂದಿಗೂ ತೆರೆದಿಡಬಾರದು.

ಜಾಲವೇ ಕೆಟ್ಟಾಗ

ಕನ್ಸೋಲ್ ಸರ್ವರ್‌ನ ನಿಜವಾದ ಪರೀಕ್ಷೆ ನಡೆಯುವುದು ಮುಖ್ಯ ಜಾಲ ನಿಂತಾಗ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್ ಸೇವೆಗಳು ಸುಮಾರು ಆರು ಗಂಟೆ ಸ್ಥಗಿತಗೊಂಡಾಗ ಮುಖ್ಯ ಜಾಲದ ಜೊತೆ ಪರ್ಯಾಯ ನಿರ್ವಹಣಾ ಸಂಪರ್ಕವೂ ಕೆಲಸ ಮಾಡಲಿಲ್ಲ; ಎಂಜಿನಿಯರ್‌ಗಳು ದತ್ತಾಂಶ ಕೇಂದ್ರಗಳಿಗೇ ತೆರಳಬೇಕಾಯಿತು. 2022ರ ಜುಲೈ 8ರಂದು ಕೆನಡಾದ ರೋಜರ್ಸ್ ಕಂಪನಿಯ ಜಾಲ ಕುಸಿದಾಗಲೂ ನಿರ್ವಹಣಾ ಜಾಲ ಮುಖ್ಯ ಜಾಲವನ್ನೇ ಅವಲಂಬಿಸಿದ್ದುದು ದುರಸ್ತಿಗೆ ಅಡ್ಡಿಯಾಯಿತು. ತೊಂದರೆಗೊಳಗಾದ ಗ್ರಾಹಕರು 1.2 ಕೋಟಿಗೂ ಅಧಿಕ.

ಆದ್ದರಿಂದ ಎರಡು ಈಥರ್ನೆಟ್ ಪೋರ್ಟ್ ಅಥವಾ ಮೊಬೈಲ್ ಮೊಡೆಮ್ ಇರುವ ಮಾದರಿ ಅಪೇಕ್ಷಣೀಯ. ಎರಡನೆಯ ಸಂಪರ್ಕ ಬೇರೆ ಕಂಪನಿಯದಾಗಿರಬೇಕು. ಮೊಡೆಮ್ 4ಜಿ ಅಥವಾ 5ಜಿ ಆಗಿರಬೇಕು. 3ಜಿ ಮಾತ್ರ ಇರುವ ಹಳೆಯ ದಾಸ್ತಾನು ಅಗ್ಗವಾಗಿ ಸಿಕ್ಕರೂ ಪ್ರಯೋಜನವಿಲ್ಲ. ಮೊಬೈಲ್ ಸಿಮ್‌ಗಳಿಗೆ ಸಾಮಾನ್ಯವಾಗಿ ಸ್ವತಂತ್ರ ಸಾರ್ವಜನಿಕ ಐಪಿ ವಿಳಾಸ ಸಿಗುವುದಿಲ್ಲ. ಹೀಗಾಗಿ ಸಾಧನವೇ ಮುಂದಾಗಿ ಕಚೇರಿಗೆ ವಿಪಿಎನ್ ಸಂಪರ್ಕ ಸ್ಥಾಪಿಸಬೇಕಾಗುತ್ತದೆ. ಐಪಿಸೆಕ್ ಅಥವಾ ಓಪನ್‌ವಿಪಿಎನ್ ಸೌಲಭ್ಯ ಬೇಕಾಗುವುದು ಈ ಕಾರಣಕ್ಕೆ. ಜಾಲ ಕೆಟ್ಟಾಗ ರೇಡಿಯಸ್ ಗಣಕವೂ ಕೈಗೆಟುಕುವುದಿಲ್ಲ. ಆಗ ಮಾತ್ರ ಬಳಸಬಹುದಾದ ಸ್ಥಳೀಯ ತುರ್ತು ಖಾತೆಯ ವ್ಯವಸ್ಥೆ ಇದೆಯೇ ಎಂಬುದನ್ನೂ ನೋಡಬೇಕು.

ತಂತಿ, ಪಿನ್ನು, ವಿದ್ಯುತ್ತು

ಪ್ರೊಟೊಕಾಲ್ ಎಲ್ಲ ಸರಿಯಿದ್ದರೂ ತಂತಿ ಹೊಂದದಿದ್ದರೆ ಫಲವಿಲ್ಲ. ಆರ್‌ಎಸ್-232 ಸಂಪರ್ಕಕ್ಕೆ ವಾಡಿಕೆಯ ಮಿತಿ ಸುಮಾರು 15 ಮೀಟರ್. ಆರ್‌ಎಸ್-485 ಕಡಿಮೆ ವೇಗದಲ್ಲಿ 1,200 ಮೀಟರ್‌ವರೆಗೆ ಸಾಗಬಲ್ಲದು ಮತ್ತು ಒಂದೇ ಜೋಡಿ ತಂತಿಯಲ್ಲಿ ಮೂಲ ಮಾನಕದ ಪ್ರಕಾರ 32 ಉಪಕರಣಗಳನ್ನು ಹೊರಬಲ್ಲದು. ಆರ್‌ಜೆ-45 ಪೋರ್ಟ್‌ಗಳು ನೋಡಲು ಒಂದೇ ತೆರನಾಗಿದ್ದರೂ ಪಿನ್‌ಗಳ ಜೋಡಣೆ ತಯಾರಕರಿಂದ ತಯಾರಕರಿಗೆ ಬೇರೆ. ಇದು ತಂತ್ರಾಂಶದಿಂದ ಬದಲಿಸಬಹುದಾದ ಸಾಧನವಾದರೆ ಕೇಬಲ್ ಮಾಡಿಸುವ ಖರ್ಚು ಉಳಿಯುತ್ತದೆ.

‘ಬ್ರೇಕ್’ ಸಂಕೇತದ ವಿಷಯವೂ ಮುಖ್ಯ. ಹಳೆಯ ಸನ್ ಸರ್ವರ್‌ಗಳು ಕನ್ಸೋಲ್‌ನಲ್ಲಿ ಬ್ರೇಕ್ ಸಂಕೇತ ಕಂಡೊಡನೆ ಕೆಲಸ ನಿಲ್ಲಿಸುತ್ತಿದ್ದವು. ಟರ್ಮಿನಲ್ ಸರ್ವರ್‌ನ ವಿದ್ಯುತ್ ಹೋಗಿ ಬಂದಾಗ ಅನಪೇಕ್ಷಿತವಾಗಿ ಆ ಸಂಕೇತ ಹೊರಟು ಇಡೀ ಸರ್ವರ್ ನಿಲ್ಲುತ್ತಿದ್ದುದುಂಟು. ಬೇಕೆಂದಾಗ ಬ್ರೇಕ್ ಕಳುಹಿಸಬೇಕು, ಬೇಡದಾಗ ಕಳುಹಿಸಬಾರದು.

ವೇಗದ ಬಗ್ಗೆ ಅತಿಯಾದ ಚಿಂತೆ ಅನಗತ್ಯ. 48 ಪೋರ್ಟ್‌ಗಳೂ 1,15,200 ವೇಗದಲ್ಲಿ ಏಕಕಾಲಕ್ಕೆ ದುಡಿದರೂ ಒಟ್ಟು ಸೆಕೆಂಡಿಗೆ ಸುಮಾರು 55 ಲಕ್ಷ ಬಿಟ್‌ಗಳಷ್ಟೇ. 100 ಮೆಗಾಬಿಟ್ ಈಥರ್ನೆಟ್‌ಗೆ ಇದು ಭಾರವಲ್ಲ. ಆ ಹಣವನ್ನು ಎರಡನೆಯ ವಿದ್ಯುತ್ ಪೂರೈಕೆ ಘಟಕಕ್ಕೋ, ಸಿಡಿಲಿನ ಹೊಡೆತ ತಡೆಯುವ ವಿದ್ಯುತ್ ಪ್ರತ್ಯೇಕತೆಗೋ ವಿನಿಯೋಗಿಸುವುದು ಜಾಣತನ. ಹವಾನಿಯಂತ್ರಣವಿಲ್ಲದ ಶೆಡ್‌ನಲ್ಲಿಡುವುದಾದರೆ ಕಚೇರಿ ದರ್ಜೆಯ ಬದಲು ಕೈಗಾರಿಕಾ ದರ್ಜೆಯ ಮಾದರಿಯನ್ನೇ ಆರಿಸಬೇಕು.

ಕೊಳ್ಳುವ ಮುನ್ನ ಪರೀಕ್ಷಿಸಿ

* ಜೋಡಿಸಬೇಕಾದ ಉಪಕರಣಗಳ ಪಟ್ಟಿ ಮಾಡಿ, ಪ್ರತಿಯೊಂದರ ಪೋರ್ಟ್ ಬಗೆ, ವೇಗ, ಭಾಷೆ ಬರೆದುಕೊಳ್ಳಿ. ಭವಿಷ್ಯಕ್ಕೆ ಕಾಲು ಭಾಗದಷ್ಟು ಪೋರ್ಟ್ ಹೆಚ್ಚಿಗೆ ಇರಲಿ.
* ಒಂದು ಮಾದರಿಯನ್ನು ತರಿಸಿ, ನಿಮ್ಮದೇ ಉಪಕರಣ ಮತ್ತು ತಂತ್ರಾಂಶದೊಂದಿಗೆ ಕನಿಷ್ಠ ಒಂದು ವಾರ ಓಡಿಸಿ.
* ವಿದ್ಯುತ್ ತೆಗೆದು ಹಾಕಿ. ಈಥರ್ನೆಟ್ ತಂತಿ ಕಿತ್ತು ಜೋಡಿಸಿ. ಸಂಪರ್ಕ ತಾನಾಗಿ ಮರಳುವುದೇ ನೋಡಿ.
* ಟೆಲ್‌ನೆಟ್, ಎಚ್‌ಟಿಟಿಪಿ, ಹಳೆಯ ಎಸ್‌ಎನ್‌ಎಂಪಿ ಆವೃತ್ತಿಗಳನ್ನು ಮುಚ್ಚಿದ ಮೇಲೂ ಎಲ್ಲ ಕೆಲಸ ನಡೆಯುವುದೇ ಪರೀಕ್ಷಿಸಿ. ನಿರ್ವಹಣೆಗೆ ಎಸ್‌ಎನ್‌ಎಂಪಿ ಮೂರನೆಯ ಆವೃತ್ತಿ ಹಾಗೂ ಟಿಎಲ್‌ಎಸ್ 1.2 ಅಥವಾ ಮೇಲಿನದು ಇರಲಿ.
* ಭದ್ರತಾ ತಂತ್ರಾಂಶ ಪರಿಷ್ಕರಣೆ ಎಷ್ಟು ವರ್ಷ ದೊರೆಯುತ್ತದೆ ಎಂಬುದನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಿ.

ಕೊನೆಯ ಅಂಶ ಉಳಿದೆಲ್ಲಕ್ಕಿಂತ ತೂಕದ್ದು. ಟರ್ಮಿನಲ್ ಸರ್ವರ್ ಒಮ್ಮೆ ಗೋಡೆಗೇರಿದರೆ ಹತ್ತು ಹದಿನೈದು ವರ್ಷ ಅಲ್ಲಿಯೇ ಇರುವ ವಸ್ತು. ಅದರ ಹಿಂದಿರುವ ಯಂತ್ರದ ಆಯಸ್ಸು ಇನ್ನೂ ಹೆಚ್ಚು. ಅಷ್ಟು ಕಾಲ ಬೆಂಬಲ ನೀಡದ ತಯಾರಕರ ಸಾಧನದಲ್ಲಿ ಪ್ರೊಟೊಕಾಲ್‌ಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಅದನ್ನು ನೆಚ್ಚಿಕೊಳ್ಳುವಂತಿಲ್ಲ.