ಬೆಲ್ಟ್ ಯಾರ ಆಸ್ತಿ? ಬಾಕ್ಸಿಂಗ್ ಮತ್ತು ಎಂಎಂಎಯ ಲೆಕ್ಕದ ಪುಸ್ತಕ



ಬಾಕ್ಸಿಂಗ್ ದೊಡ್ಡದಾ, ಎಂಎಂಎ ದೊಡ್ಡದಾ? ಈ ಚರ್ಚೆ ಯಾವಾಗ್ಲೂ ಒಂದೇ ಕಡೆಗೆ ಹೋಗಿ ನಿಲ್ಲುತ್ತೆ: ಇಬ್ಬರನ್ನೂ ಒಂದೇ ಪಂಜರದೊಳಗೆ ಬಿಟ್ರೆ ಯಾರು ಗೆಲ್ತಾರೆ? ಇದಕ್ಕೆ ಉತ್ತರ ಸಿಕ್ಕು ಮೂವತ್ತು ವರ್ಷ ದಾಟಿದೆ, ಮುಂದೆ ಹೇಳ್ತೀನಿ. ನಾನು ಓದಿದ್ದು ಬಿಕಾಂ, ಹಾಗಾಗಿ ನನಗೆ ಕುತೂಹಲ ಇರೋದು ಬೇರೆ ವಿಷಯದಲ್ಲಿ. ಗೆದ್ದವರ ಸೊಂಟಕ್ಕೆ ಕಟ್ತಾರಲ್ಲ ಬೆಲ್ಟ್, ಅದು ಯಾರ ಆಸ್ತಿ? ಟಿಕೆಟ್ ಮತ್ತು ಟಿವಿಯಿಂದ ಬಂದ ದುಡ್ಡಿನಲ್ಲಿ ಹೊಡೆತ ತಿಂದವರ ಪಾಲು ಎಷ್ಟು? ಈ ಎರಡು ಆಟಗಳ ನಡುವಿನ ದೊಡ್ಡ ವ್ಯತ್ಯಾಸ ಅಲ್ಲೇ ಇದೆ ಅನ್ನೋದು ನನ್ನ ವಾದ.

ಫ್ರಾನ್ಸಿಸ್ ಎನ್‌ಗಾನು ಅವರಿಂದ ಶುರು ಮಾಡೋಣ. ಕ್ಯಾಮರೂನಿನ ಬಾಟಿಯೆ ಎಂಬ ಊರಿನವರು. ಚಿಕ್ಕ ವಯಸ್ಸಿನಲ್ಲೇ ಮರಳಿನ ಗಣಿಯಲ್ಲಿ ಸಲಿಕೆ ಹಿಡಿದವರು. ಬಾಕ್ಸರ್ ಆಗಬೇಕು ಅಂತ ಹೊರಟು ಪ್ಯಾರಿಸ್ ಸೇರಿದರು, ಮೊದಲು ಅಲ್ಲಿ ಬೀದಿಯಲ್ಲೇ ಮಲಗಿದರು. ಜಿಮ್‌ನವರ ಮಾತು ಕೇಳಿ ಎಂಎಂಎಗೆ ಬಂದು 2021ರ ಮಾರ್ಚ್‌ನಲ್ಲಿ ಯುಎಫ್‌ಸಿಯ ಹೆವಿವೇಯ್ಟ್ ಚಾಂಪಿಯನ್ ಆದರು. 2022ರ ಜನವರಿಯಲ್ಲಿ ಆ ಪಟ್ಟ ಉಳಿಸಿಕೊಂಡಾಗ ಅವರಿಗೆ ಸಿಕ್ಕಿದ್ದು, ಬಹಿರಂಗವಾದ ಲೆಕ್ಕದ ಪ್ರಕಾರ, 6 ಲಕ್ಷ ಡಾಲರ್. ಮುಂದಿನ ಕಾಂಟ್ರಾಕ್ಟಿಗೆ ಅವರು ಆರೋಗ್ಯ ವಿಮೆ ಕೇಳಿದರು, ಬಾಕ್ಸಿಂಗ್ ಆಡೋಕೆ ಅನುಮತಿ ಕೇಳಿದರು. ಮಾತುಕತೆ ಮುರಿದುಬಿತ್ತು. 2023ರ ಜನವರಿಯಲ್ಲಿ ಅವರು ಹೊರಬಂದರು, ಬೆಲ್ಟ್ ಕಂಪನಿಯ ಹತ್ತಿರವೇ ಉಳೀತು. ರಿಂಗಿನಲ್ಲಿ ಯಾರೂ ಅವರಿಂದ ಆ ಪಟ್ಟ ಗೆದ್ದುಕೊಂಡಿರಲಿಲ್ಲ!

ಅದೇ ವರ್ಷ ಅಕ್ಟೋಬರ್‌ನಲ್ಲಿ ರಿಯಾದ್‌ನಲ್ಲಿ ಟೈಸನ್ ಫ್ಯೂರಿ ಎದುರು ತಮ್ಮ ಮೊದಲ ವೃತ್ತಿಪರ ಬಾಕ್ಸಿಂಗ್ ಪಂದ್ಯ ಆಡಿದರು. ಮೂರನೇ ಸುತ್ತಿನಲ್ಲಿ ಫ್ಯೂರಿಯನ್ನು ನೆಲಕ್ಕೆ ಕೆಡವಿದರು. ಕೊನೆಗೆ ಸೋತದ್ದು ತೀರ್ಪುಗಾರರ ಒಡಕು ನಿರ್ಣಯದಲ್ಲಿ. ಯುಎಫ್‌ಸಿಯಲ್ಲಿ ಇದ್ದಷ್ಟೂ ಕಾಲ ದುಡಿದದ್ದಕ್ಕಿಂತ ಆ ಒಂದು ರಾತ್ರಿ ಹೆಚ್ಚು ದುಡಿದೆ ಅಂತ ಅವರೇ ಹೇಳಿಕೊಂಡಿದ್ದಾರೆ. ಅದೇ ಮನುಷ್ಯ, ಅದೇ ಮುಷ್ಟಿ. ಬದಲಾಗಿದ್ದು ಕಾಂಟ್ರಾಕ್ಟ್ ಮಾತ್ರ. ಹೀಗ್ಯಾಕೆ? ಉತ್ತರಕ್ಕೆ ಸ್ವಲ್ಪ ಹಿಂದೆ ಹೋಗಬೇಕು.

ಒಂದೇ ಬೇರಿನ ಎರಡು ಕೊಂಬೆ

ಬಾಕ್ಸಿಂಗ್ ಅಂದ್ರೆ ಬರೀ ಕೈಯಲ್ಲಿ ಗುದ್ದೋದು ಅಂತ ನಾವು ಅಂದ್ಕೊಂಡಿದ್ದೀವಿ. ಹಳೇ ಇಂಗ್ಲೆಂಡಿನಲ್ಲಿ ಹಾಗಿರಲಿಲ್ಲ. 1743ರಲ್ಲಿ ಜ್ಯಾಕ್ ಬ್ರೌಟನ್ ಮಾಡಿದ ನಿಯಮಗಳಲ್ಲಿ ಸೊಂಟದ ಮೇಲೆ ಹಿಡಿದು ಎದುರಾಳಿಯನ್ನು ಕೆಡವಬಹುದಿತ್ತು. ಬಿದ್ದವನಿಗೆ ಹೊಡೆಯಬಾರದು ಅಷ್ಟೇ. ಅಂದ್ರೆ ಅರ್ಧ ಗುದ್ದಾಟ, ಅರ್ಧ ಕುಸ್ತಿ. ಮೈಸೂರು ದಸರಾದಲ್ಲಿ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಿದವರಿಗೆ ಈ ಬೆರಕೆ ಹೊಸದೇನಲ್ಲ. 1867ರಲ್ಲಿ ಬಂದ ಕ್ವೀನ್ಸ್‌ಬರಿ ನಿಯಮಗಳು ಆ ಕುಸ್ತಿಯನ್ನು ಹೊರಗೆ ಹಾಕಿದವು. ಗ್ಲೌಸ್, ಮೂರು ನಿಮಿಷದ ಸುತ್ತು, ಒಂದು ನಿಮಿಷದ ವಿರಾಮ, ಬಿದ್ದರೆ ಏಳೋಕೆ ಹತ್ತು ಸೆಕೆಂಡ್ ಎಲ್ಲ ಬಂದಿದ್ದು ಆಗಲೇ.

ಹೊರಗೆ ಹಾಕಿದ್ದು 1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ವಾಪಸ್ ಬಂತು. ಮೊದಲ ಯುಎಫ್‌ಸಿ, ಎಂಟು ಜನ, ಒಂದೇ ರಾತ್ರಿ. ಆರ್ಟ್ ಜಿಮ್ಮರ್ಸನ್ ಎಂಬ ಬಾಕ್ಸರ್ ಒಂದು ಕೈಗೆ ಮಾತ್ರ ಗ್ಲೌಸ್ ಹಾಕ್ಕೊಂಡು ಬಂದರು. ಬ್ರೆಜಿಲಿನ ರಾಯ್ಸ್ ಗ್ರೇಸಿ ಅವರನ್ನು ಕೆಡವಿ ಮೇಲೆ ಕೂತಾಗ ಏನೂ ತೋಚದೆ ಸೋಲೊಪ್ಪಿಕೊಂಡರು. ಆ ರಾತ್ರಿ ಕೊನೆಗೆ ಗೆದ್ದದ್ದೂ ಗ್ರೇಸಿಯೇ. ಬಾಕ್ಸರ್ ಮತ್ತು ಹಿಡಿತ ಬಲ್ಲವನ ನಡುವೆ ನಿಯಮವಿಲ್ಲದೆ ಪಂದ್ಯ ಆದ್ರೆ ಏನಾಗುತ್ತೆ ಅನ್ನೋದು ಅವತ್ತೇ ಗೊತ್ತಾಯ್ತು. ಬಾಕ್ಸಿಂಗ್ ನಿಯಮದಲ್ಲಿ ಆಡಿದ್ರೆ ಫಲಿತಾಂಶ ತಿರುಗಾಮುರುಗಾ. ಹಾಗಾಗಿ 'ಯಾರು ಮೇಲು' ಅನ್ನೋದಕ್ಕೆ ನಿಯಮ ಬರೆದವನು ಯಾರು ಅನ್ನೋದೇ ಉತ್ತರ. ಈ ಮಾತು ರಿಂಗಿನ ಹೊರಗೂ ನಿಜ.

ಬಾಕ್ಸಿಂಗಿಗೂ ಒಬ್ಬ ಯಜಮಾನ ಇದ್ದ ಕಾಲ

ಈಗ ಹೇಳೋ ಭಾಗ ತುಂಬಾ ಜನಕ್ಕೆ ಗೊತ್ತಿಲ್ಲ. 1949ರಲ್ಲಿ ಹೆವಿವೇಯ್ಟ್ ಚಾಂಪಿಯನ್ ಜೋ ಲೂಯಿಸ್ ನಿವೃತ್ತರಾದರು. ಸುಮಾರು ಹನ್ನೆರಡು ವರ್ಷ ಪಟ್ಟದಲ್ಲಿದ್ದು, 25 ಸಲ ಅದನ್ನು ಉಳಿಸಿಕೊಂಡವರು. ನಿವೃತ್ತಿಯ ಜೊತೆಗೇ ಒಂದು ವ್ಯವಹಾರವೂ ಆಯ್ತು. ಪಟ್ಟಕ್ಕೆ ಮುಂದೆ ಯಾರ್ಯಾರು ಸ್ಪರ್ಧಿಗಳೋ, ಆ ನಾಲ್ವರ ಕಾಂಟ್ರಾಕ್ಟುಗಳನ್ನು ಲೂಯಿಸ್ ಒಟ್ಟುಮಾಡಿ ಜೇಮ್ಸ್ ನಾರಿಸ್ ಮತ್ತು ಆರ್ಥರ್ ವರ್ಟ್ಜ್ ಎಂಬ ಉದ್ಯಮಿಗಳ ಸಂಸ್ಥೆಗೆ ಕೊಟ್ಟರು. ಅದಕ್ಕೆ ಒಂದೂವರೆ ಲಕ್ಷ ಡಾಲರ್ ಮತ್ತು ಸಂಸ್ಥೆಯಲ್ಲಿ ಷೇರು. ಆ ಸಂಸ್ಥೆಯ ಹೆಸರು ಇಂಟರ್‌ನ್ಯಾಷನಲ್ ಬಾಕ್ಸಿಂಗ್ ಕ್ಲಬ್.

ಮುಂದಿನ ಕೆಲವು ವರ್ಷ ಅಮೆರಿಕದಲ್ಲಿ ನಡೆದ ಪಟ್ಟದ ಪಂದ್ಯಗಳಲ್ಲಿ ಬಹುಪಾಲು ಈ ಕ್ಲಬ್ಬಿನದ್ದೇ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಂಥ ದೊಡ್ಡ ಅಂಗಣಗಳೂ ಅವರ ಹಿಡಿತದಲ್ಲಿ. ಪಟ್ಟಕ್ಕೆ ಆಡಬೇಕಾ? ಗೆದ್ದ ಮೇಲೂ ನಮ್ಮ ಹತ್ತಿರವೇ ಆಡ್ತೀನಿ ಅಂತ ಸಹಿ ಹಾಕು. ಈ ಸಾಲನ್ನ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಅಮೆರಿಕ ಸರ್ಕಾರ ಏಕಸ್ವಾಮ್ಯ ವಿರೋಧಿ ಕಾನೂನಿನಡಿ ಕೇಸು ಹಾಕಿತು. ಬಾಕ್ಸಿಂಗಿಗೂ ಈ ಕಾನೂನು ಅನ್ವಯಿಸುತ್ತೆ ಅಂತ 1955ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1959ರಲ್ಲಿ ಕ್ಲಬ್ಬನ್ನು ಒಡೆಯುವ ಆದೇಶವನ್ನು ಎತ್ತಿಹಿಡಿಯಿತು. ಅಲ್ಲಿಂದ ಮುಂದೆ ಬಾಕ್ಸಿಂಗಿಗೆ ಒಬ್ಬನೇ ಯಜಮಾನ ಇಲ್ಲ. ಆದರೆ ಆ ಜಾಗಕ್ಕೆ ಹತ್ತಾರು ಪ್ರಮೋಟರ್‌ಗಳು ಬಂದರು. ಬೆಲ್ಟ್ ಕೊಡೋಕೆ ಡಬ್ಲ್ಯುಬಿಎ, ಡಬ್ಲ್ಯುಬಿಸಿ, ಐಬಿಎಫ್, ಡಬ್ಲ್ಯುಬಿಒ ಅಂತ ನಾಲ್ಕು ಸಂಸ್ಥೆಗಳೂ ಆದವು. ಎಲ್ಲರೂ ಚಾಂಪಿಯನ್ನರಿಂದ ಶುಲ್ಕ ವಸೂಲಿ ಮಾಡೋರೇ.

ಒಬ್ಬ ಸೆನೆಟರ್, ಎರಡು ಕೆಲಸ

ಈ ಗೊಂದಲದಲ್ಲೂ ಬಾಕ್ಸರ್‌ಗಳಿಗೆ ಮೋಸ ಆಗ್ತಾನೇ ಇತ್ತು. ಅದಕ್ಕೇ 2000ದಲ್ಲಿ 'ಮುಹಮ್ಮದ್ ಅಲಿ ಬಾಕ್ಸಿಂಗ್ ಸುಧಾರಣಾ ಕಾಯ್ದೆ' ಬಂತು. ಅದರಲ್ಲಿ ಏನಿದೆ? ಪಂದ್ಯದಿಂದ ಎಷ್ಟು ಆದಾಯ ಬಂತು ಅಂತ ಪ್ರಮೋಟರ್ ಬಾಕ್ಸರ್‌ಗೆ ತೋರಿಸಬೇಕು. ಮ್ಯಾನೇಜರ್ ಮತ್ತು ಪ್ರಮೋಟರ್ ಒಬ್ಬರೇ ಆಗಿರುವಂತಿಲ್ಲ. 'ನನ್ನ ಹತ್ತಿರ ಸಹಿ ಹಾಕಿದ್ರೇನೇ ಪಟ್ಟದ ಪಂದ್ಯ' ಅಂತ ವರ್ಷಾನುಗಟ್ಟಲೆ ಕಟ್ಟಿಹಾಕುವಂತಿಲ್ಲ. ಲೆಕ್ಕ ಓದಿದವರಿಗೆ ಮೊದಲನೆಯದು ಎಷ್ಟು ದೊಡ್ಡದು ಅಂತ ಗೊತ್ತಾಗುತ್ತೆ. ಒಟ್ಟು ಎಷ್ಟು ಬಂತು ಅಂತ ಗೊತ್ತಿಲ್ಲದೆ ನನ್ನ ಪಾಲು ಸರಿ ಇದೆಯಾ ಅಂತ ಕೇಳೋದು ಹೇಗೆ?

ಈ ಕಾಯ್ದೆಗೆ ಓಡಾಡಿದವರು ಸೆನೆಟರ್ ಜಾನ್ ಮೆಕೇನ್. ಅದೇ ಮೆಕೇನ್ 1996ರಲ್ಲಿ ಎಂಎಂಎಯನ್ನು ಮನುಷ್ಯರ ಕೋಳಿ ಅಂಕ ಅಂತ ಕರೆದು, ನಿಷೇಧಿಸಿ ಅಂತ ಎಲ್ಲ ರಾಜ್ಯಗಳ ಗವರ್ನರ್‌ಗಳಿಗೆ ಪತ್ರ ಬರೆದಿದ್ದರು. ಹೀಗಾಗಿ ರಕ್ಷಣೆ ಕೊಡೋ ಕಾನೂನು ಬಂದಾಗ ಎಂಎಂಎ ಅದರೊಳಗೆ ಇರಲೇ ಇಲ್ಲ. ಆಗ ಅದು ಸಾಯೋ ಸ್ಥಿತಿಯಲ್ಲಿತ್ತು ಬಿಡಿ.

ಸಾಯಲಿಲ್ಲ. ನ್ಯೂಜೆರ್ಸಿಯಲ್ಲಿ ಏಕರೂಪದ ನಿಯಮಗಳು ಬಂದವು. 2001ರಲ್ಲಿ ಫರ್ಟಿಟಾ ಸಹೋದರರು 20 ಲಕ್ಷ ಡಾಲರ್‌ಗೆ ಯುಎಫ್‌ಸಿಯನ್ನು ಕೊಂಡರು, ಡೇನಾ ವೈಟ್ ಅಧ್ಯಕ್ಷರಾದರು. 2016ರಲ್ಲಿ ಅದು ಮಾರಾಟವಾದದ್ದು ಸುಮಾರು 400 ಕೋಟಿ ಡಾಲರ್‌ಗೆ. ಹದಿನೈದು ವರ್ಷದಲ್ಲಿ ಎರಡು ಸಾವಿರ ಪಟ್ಟು!

ಇಲ್ಲಿ ಪ್ರಮೋಟರೂ ಅದೇ ಕಂಪನಿ, ಬೆಲ್ಟ್ ಕೊಡೋದೂ ಅದೇ ಕಂಪನಿ. ಚಾಂಪಿಯನ್ ಆದ್ರೆ ಕಾಂಟ್ರಾಕ್ಟ್ ತಾನಾಗೇ ಮುಂದುವರಿಯುವ ಷರತ್ತೂ ಇತ್ತು. ಆಗ ಹೇಳಿದ ಸಾಲು ನೆನಪಾಯ್ತಾ?

ಬಾಕ್ಸಿಂಗಿನಲ್ಲಿ ಇದರ ವಿರುದ್ಧ ಉದಾಹರಣೆ ಫ್ಲಾಯ್ಡ್ ಮೇವೆದರ್. 2006ರಲ್ಲಿ ಅವರು ತಮ್ಮ ಪ್ರಮೋಟರ್‌ಗೆ 7.5 ಲಕ್ಷ ಡಾಲರ್ ಕಟ್ಟಿ ಕಾಂಟ್ರಾಕ್ಟಿನಿಂದ ಹೊರಬಂದರು, ತಮಗೆ ತಾವೇ ಪ್ರಮೋಟರ್ ಆದರು. 2017ರಲ್ಲಿ ಯುಎಫ್‌ಸಿಯ ಕಾನರ್ ಮೆಗ್ರೆಗರ್ ಅವರ ಎದುರು ಬಾಕ್ಸಿಂಗ್ ಆಡಿದಾಗ ಆಯೋಗಕ್ಕೆ ಕೊಟ್ಟ ಲೆಕ್ಕದಲ್ಲಿ ಮೇವೆದರ್‌ಗೆ 10 ಕೋಟಿ ಡಾಲರ್, ಮೆಗ್ರೆಗರ್‌ಗೆ 3 ಕೋಟಿ. ಆ ಪಂದ್ಯ ಆಡೋಕೆ ಮೆಗ್ರೆಗರ್ ತಮ್ಮ ಕಂಪನಿಯ ಒಪ್ಪಿಗೆ ಪಡೆಯಬೇಕಿತ್ತು. ಮೇವೆದರ್ ಯಾರನ್ನೂ ಕೇಳಬೇಕಿರಲಿಲ್ಲ.

ಯುಎಫ್‌ಸಿ ಪರವಾಗಿಯೂ ಹೇಳಬೇಕು

ಒಂದೇ ಪಕ್ಕದ ಲೆಕ್ಕ ಬರೆದ್ರೆ ಪುಸ್ತಕ ತಾಳೆ ಆಗಲ್ಲ. ಬಾಕ್ಸಿಂಗ್ ಅಭಿಮಾನಿಗಳ ನೋವು ಕೇಳಿ. ಮೇವೆದರ್ ಮತ್ತು ಪಕ್ಯಾವೊ ಪಂದ್ಯದ ಮಾತು ಶುರುವಾಗಿದ್ದು 2009ರಲ್ಲಿ, ನಡೆದಿದ್ದು 2015ರಲ್ಲಿ. ಅಷ್ಟರಲ್ಲಿ ಇಬ್ಬರ ಉತ್ತಮ ದಿನಗಳೂ ಮುಗಿದಿದ್ದವು. 1999ರಲ್ಲಿ ಲೆನಾಕ್ಸ್ ಲೂಯಿಸ್ ನಿರ್ವಿವಾದ ಹೆವಿವೇಯ್ಟ್ ಚಾಂಪಿಯನ್ ಆದ ಮೇಲೆ ಅಂಥ ಇನ್ನೊಬ್ಬರು, ಅಂದ್ರೆ ಒಲೆಕ್ಸಾಂಡರ್ ಉಸಿಕ್, ಸಿಗೋಕೆ 2024ರ ತನಕ ಕಾಯಬೇಕಾಯ್ತು. ಯುಎಫ್‌ಸಿಯಲ್ಲಿ ಒಂದನೇ ಸ್ಥಾನದವರು ಎರಡನೇ ಸ್ಥಾನದವರ ಎದುರು ಆಡೋಕೆ ಇಷ್ಟು ರಾಮಾಯಣ ಇಲ್ಲ. ಜೊತೆಗೆ, ಬಾಕ್ಸಿಂಗಿನ ಕೋಟಿಗಳೆಲ್ಲ ಮೇಲಿನ ನಾಲ್ಕೈದು ಜನಕ್ಕೆ. ನಾಲ್ಕು ಸುತ್ತಿನ ಪಂದ್ಯ ಆಡೋ ಹೊಸ ಹುಡುಗನಿಗೆ ಸಿಗೋದು ಕೋಚ್ ಮತ್ತು ಪ್ರಯಾಣದ ಖರ್ಚಿಗೇ ಕಷ್ಟ.

ಹಾಗಿದ್ರೂ ಪಾಲಿನ ಪ್ರಶ್ನೆ ಉಳಿಯುತ್ತೆ. 2014ರಲ್ಲಿ ಕೆಲವು ಫೈಟರ್‌ಗಳು ಯುಎಫ್‌ಸಿ ಮೇಲೆ ಏಕಸ್ವಾಮ್ಯದ ಕೇಸು ಹಾಕಿದರು. ಫೈಟರ್‌ಗಳಿಗೆ ಹೋಗುತ್ತಿದ್ದದ್ದು ಆದಾಯದ ಸುಮಾರು ಐದನೇ ಒಂದು ಭಾಗ ಅನ್ನೋದು ಆ ಕೇಸಿನ ದಾಖಲೆಗಳಿಂದ ಹೊರಬಂತು. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಆಟಗಾರರ ಪಾಲು ಸರಿಸುಮಾರು ಅರ್ಧ. ಅಲ್ಲಿ ಆಟಗಾರರ ಸಂಘ ಇದೆ, ಇಲ್ಲಿ ಇಲ್ಲ. ಕೇಸು ಹತ್ತು ವರ್ಷ ನಡೆದು ಕೊನೆಗೆ ರಾಜಿಯಾಯ್ತು. 33.5 ಕೋಟಿ ಡಾಲರಿನ ಮೊದಲ ರಾಜಿಯನ್ನು ನ್ಯಾಯಾಧೀಶರು ಒಪ್ಪಲಿಲ್ಲ. 37.5 ಕೋಟಿ ಡಾಲರಿನದಕ್ಕೆ 2025ರಲ್ಲಿ ಅಂತಿಮ ಒಪ್ಪಿಗೆ ಸಿಕ್ಕಿತು. ಸಾವಿರಕ್ಕೂ ಹೆಚ್ಚು ಫೈಟರ್‌ಗಳಿಗೆ ಹಣ ಹಂಚಿಕೆಯಾಗುವ ರಾಜಿ ಇದು. ಕಾಂಟ್ರಾಕ್ಟಿನ ಪದ್ಧತಿ ಬದಲಾಗಬೇಕು ಅಂತ ಮಾತ್ರ ಯಾವ ತೀರ್ಪೂ ಬರಲಿಲ್ಲ.

ಗಾಳಿ ಈಗ ಎತ್ತ ಬೀಸ್ತಿದೆ ನೋಡಿ. ಅಲಿ ಕಾಯ್ದೆಯ ರಕ್ಷಣೆಯನ್ನು ಎಂಎಂಎಗೂ ವಿಸ್ತರಿಸಬೇಕು ಅಂತ 2016ರಲ್ಲಿ ಅಮೆರಿಕ ಸಂಸತ್ತಿಗೆ ಒಂದು ಮಸೂದೆ ಬಂದಿತ್ತು, ಪಾಸಾಗಲಿಲ್ಲ. 2025ರಲ್ಲಿ ಇನ್ನೊಂದು ಮಸೂದೆ ಬಂತು, ಇದರ ದಿಕ್ಕು ಉಲ್ಟಾ. ಬಾಕ್ಸಿಂಗಿನಲ್ಲೂ ಒಂದೇ ಸಂಸ್ಥೆ ಪಂದ್ಯ ನಡೆಸಿ, ಸ್ಥಾನ ಕೊಟ್ಟು, ತನ್ನದೇ ಬೆಲ್ಟ್ ಇಟ್ಟುಕೊಳ್ಳೋಕೆ ಇದು ದಾರಿ ಮಾಡಿಕೊಡುತ್ತೆ. ಯುಎಫ್‌ಸಿಯ ಮಾತೃಸಂಸ್ಥೆ ಟಿಕೆಒ ಇದರ ಪರ ನಿಂತಿದೆ. ಕನಿಷ್ಠ ಸಂಭಾವನೆ, ವಿಮೆಯಂಥ ಒಳ್ಳೆ ಅಂಶಗಳೂ ಮಸೂದೆಯಲ್ಲಿವೆ, ಸಣ್ಣ ಬಾಕ್ಸರ್‌ಗಳಿಗೆ ಅದು ನಿಜಕ್ಕೂ ಬೇಕು. ಆದ್ರೆ ಮಸೂದೆಯ ಹೆಸರಲ್ಲೂ ಮುಹಮ್ಮದ್ ಅಲಿ ಇದ್ದಾರೆ, 1959ರಲ್ಲಿ ಕೋರ್ಟ್ ಒಡೆದ ಮಾದರಿಯ ನೆರಳೂ ಇದೆ.

ನಮಗೇನು ಇದರಿಂದ ಅಂತೀರಾ? 2024ರ ಜೂನ್‌ನಲ್ಲಿ ಉತ್ತರ ಪ್ರದೇಶದ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯ ಮಹಿಳೆ ಆದರು. ಅವರನ್ನು ನೋಡಿ ಎಂಎಂಎ ಜಿಮ್ ಸೇರುವ ನಮ್ಮ ಹುಡುಗ ಹುಡುಗಿಯರಿಗೂ ಮುಂದೊಂದು ದಿನ ಇಂಗ್ಲಿಷಿನ ದಪ್ಪ ಕಾಂಟ್ರಾಕ್ಟ್ ಬರಬಹುದು. ಗುದ್ದು ಹೇಗೆ ತಪ್ಪಿಸಿಕೊಳ್ಳೋದು ಅಂತ ಕೋಚ್ ಹೇಳಿಕೊಡ್ತಾರೆ. ಇದು ಎಷ್ಟು ವರ್ಷದ ಒಪ್ಪಂದ, ಗೆದ್ದರೆ ಏನಾಗುತ್ತೆ, ಬೇರೆ ಕಡೆ ಆಡಬಹುದಾ, ಪೆಟ್ಟಾದ್ರೆ ಆಸ್ಪತ್ರೆ ಬಿಲ್ ಯಾರದ್ದು, ಈ ನಾಲ್ಕನ್ನು ಮಾತ್ರ ಸಹಿ ಹಾಕೋ ಮೊದಲು ಅವರೇ ಕೇಳಬೇಕು. ಎನ್‌ಗಾನು ಕೇಳಿದ್ದೂ ಹೆಚ್ಚುಕಡಿಮೆ ಇಷ್ಟನ್ನೇ.